ಪಂಚಾಯಿತಿಯ ಲೆಕ್ಕ ಗ್ರಂಥಾಲಯದ ಮೇಜಿನ ಮೇಲೂ ಇರಲಿ: ಗ್ರಾಮೀಣಾಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಪಂಚಾಯಿತಿಯ ದಾಖಲೆಗಳನ್ನು ಓದಲು ಇಡುವುದು ಮತ್ತು ಗ್ರಂಥಾಲಯ ಮೇಲ್ವಿಚಾರಕರಿಗೆ ರಕ್ಷಣೆ ಕೊಡುವುದರ ಬಗ್ಗೆ.

ಮಾನ್ಯರೇ,

ನಾನು ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವಳು. ಮಹಿಳೆಯರಿಗೆ ಮೀಸಲಾದ ಸ್ಥಾನದಿಂದ ಆರಿಸಿ ಬಂದೆ. ಪಿಯುಸಿ ಓದಿದ್ದೇನೆ, ಮನೆಯಲ್ಲಿ ಬೇಸಾಯ. ಸದಸ್ಯೆಗೆ ಏನೇನು ಕೇಳುವ ಹಕ್ಕಿದೆ, ಯಾವ ಕಾಗದ ಎಲ್ಲಿರುತ್ತದೆ ಅನ್ನುವುದನ್ನು ನಾನು ಜಾಸ್ತಿ ಕಲಿತದ್ದು ನಮ್ಮೂರ ಗ್ರಂಥಾಲಯದಲ್ಲಿ, ಅಲ್ಲಿನ ಮೇಲ್ವಿಚಾರಕರನ್ನು ಕೇಳಿ ಕೇಳಿ. ಆ ಗ್ರಂಥಾಲಯಕ್ಕೂ ಆ ಮೇಲ್ವಿಚಾರಕರಿಗೂ ಏನಾಯಿತು ಎಂದು ತಿಳಿಸಲು ಈ ಪತ್ರ. ಊರಿನ ಹೆಸರಾಗಲಿ ಅವರ ಹೆಸರಾಗಲಿ ಬರೆದಿಲ್ಲ. ಬರೆದರೆ ಮೊದಲು ತೊಂದರೆಯಾಗುವುದು ಅವರಿಗೇ. ಒಬ್ಬರ ಮೇಲೆ ಕ್ರಮ ತೆಗೆದುಕೊಳ್ಳಿ ಅಂತಲೂ ನಾನು ಕೇಳುತ್ತಿಲ್ಲ. ಇಂಥದ್ದು ಯಾವ ಪಂಚಾಯಿತಿಯಲ್ಲಿ ಬೇಕಾದರೂ ಆಗಬಹುದು, ಆಗದ ಹಾಗೆ ನಿಯಮವೇ ಬೇಕು ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಇಲಾಖೆಗೆ ಸಲ್ಲಬೇಕಾದ ಮಾತು. ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ನಿಮ್ಮ ಇಲಾಖೆಗೆ ಬಂದವು. ಅದಕ್ಕೆ ಮೊದಲು ಎಷ್ಟೋ ಊರುಗಳಲ್ಲಿ ಗ್ರಂಥಾಲಯ ಅಂದರೆ ಸೋರುವ ಕೋಣೆ, ಬೀಗ ಹಾಕಿದ ಒಂದು ಬೀರು, ಎರಡು ಪೇಪರ್, ಅಷ್ಟೇ. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ, 2020ರಲ್ಲಿ, 'ಓದುವ ಬೆಳಕು' ಕಾರ್ಯಕ್ರಮ ಬಂತು. ಮಕ್ಕಳಿಗೆ ಉಚಿತವಾಗಿ ಸದಸ್ಯತ್ವ ಕೊಟ್ಟರು. ನಮ್ಮೂರಿನಲ್ಲಿ ಆಗ ಗ್ರಂಥಾಲಯದ ಬಾಗಿಲು ಹತ್ತಿದ ಮಕ್ಕಳು ಇವತ್ತಿಗೂ ಬರುತ್ತಿದ್ದಾರೆ. ಆಮೇಲೆ 'ಅರಿವು ಕೇಂದ್ರ' ಅನ್ನುವ ಹೆಸರು ಬಂತು. ಬಣ್ಣ ಬಂತು, ಕಂಪ್ಯೂಟರ್ ಬಂತು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಬಂದವು. ಬಡವರ ಮಕ್ಕಳು ಕೋಚಿಂಗ್‌ಗೆ ದುಡ್ಡು ಕೊಡದೆ ಅಲ್ಲೇ ಓದುತ್ತಿದ್ದಾರೆ. ಇದೆಲ್ಲ ಒಳ್ಳೆಯ ಕೆಲಸ. ಮನಸಾರೆ ಹೇಳುತ್ತಿದ್ದೇನೆ.

ಆದರೆ ಪರೀಕ್ಷೆ ಬರೆಯುವವರು ಊರಿನಲ್ಲಿ ಎಷ್ಟು ಜನ? ಮಿಕ್ಕವರೆಲ್ಲ ಮತದಾರರು, ಕರ ಕಟ್ಟುವವರು, ಗ್ರಾಮಸಭೆಯಲ್ಲಿ ಕೂರಬೇಕಾದವರು. ಅವರಿಗೆ ಬೇಕಾದದ್ದು ಏನು ಅಂತ ನಮ್ಮ ಗ್ರಂಥಾಲಯಗಳನ್ನು ಕಟ್ಟುವಾಗ ಯಾರೂ ಯೋಚಿಸಿದ ಹಾಗೆ ಕಾಣುವುದಿಲ್ಲ.

ನಾನು ಹೊಸದಾಗಿ ಗೆದ್ದು ಬಂದಾಗ ಸಭೆಯಲ್ಲಿ ನಡಾವಳಿ ಪುಸ್ತಕಕ್ಕೆ ಸಹಿ ಹಾಕುವುದು ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ಕ್ರಿಯಾಯೋಜನೆ, 15ನೇ ಹಣಕಾಸು, ಜಮಾಬಂದಿ, ಎಂ.ಬಿ. ಪುಸ್ತಕ ಅಂತ ಮಾತಾಡುತ್ತಿದ್ದರು. ನಾನು ಸುಮ್ನೆ ಕೂತಿರುತ್ತಿದ್ದೆ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯ ತರಬೇತಿ ಸಿಕ್ಕಿತು, ಅದರಿಂದ ಧೈರ್ಯವೂ ಬಂತು. ಆದರೆ ತರಬೇತಿ ಮುಗಿಸಿ ಊರಿಗೆ ಬಂದ ಮೇಲೆ ಅನುಮಾನ ಬಂದರೆ ಯಾರನ್ನು ಕೇಳುವುದು? ಕಚೇರಿಯಲ್ಲಿ ಕೇಳಿದರೆ 'ಅದೆಲ್ಲ ನಿಮಗ್ಯಾಕಮ್ಮ, ಯಜಮಾನರನ್ನ ಕಳಿಸಿ' ಅನ್ನುವವರೇ ಜಾಸ್ತಿ. ಈ ರಾಜ್ಯದಲ್ಲಿ ಪಂಚಾಯಿತಿಯ ಅರ್ಧದಷ್ಟು ಸ್ಥಾನ ಮಹಿಳೆಯರಿಗಿದೆ. ಆ ಸ್ಥಾನಗಳಲ್ಲಿ ಕೂತ ಎಷ್ಟೋ ಹೆಣ್ಣುಮಕ್ಕಳು ಈ ಮಾತನ್ನು ಕೇಳಿಸಿಕೊಂಡಿದ್ದಾರೆ.

ಗ್ರಂಥಾಲಯದಲ್ಲಿ ಹಾಗಿರಲಿಲ್ಲ. ನಮ್ಮ ಮೇಲ್ವಿಚಾರಕರು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ ಕನ್ನಡ ಪ್ರತಿ ತೆಗೆದು ಮೇಜಿನ ಮೇಲೆ ಇಟ್ಟರು. 'ಅಕ್ಕ, ಮೊದಲು ಗ್ರಾಮಸಭೆಯ ಭಾಗ ಓದಿ' ಅಂದರು. ಓದಿದೆ. ಅರ್ಥವಾಗದ ಪದಕ್ಕೆ ಅವರು ಊರಿನ ಉದಾಹರಣೆ ಕೊಡುತ್ತಿದ್ದರು. ಯಾರಿಗೆ ಮತ ಹಾಕಬೇಕು, ಯಾರ ಪರ ನಿಲ್ಲಬೇಕು ಅಂತ ಒಂದು ದಿನವೂ ಹೇಳಲಿಲ್ಲ. ನನ್ನ ವಿರುದ್ಧ ನಿಂತು ಸೋತವರು ಬಂದು ಅದೇ ಪುಸ್ತಕ ಕೇಳಿದಾಗ ಅವರಿಗೂ ಅಷ್ಟೇ ಪ್ರೀತಿಯಿಂದ ತೆಗೆದುಕೊಟ್ಟರು. ಅದನ್ನು ನೋಡಿದ ದಿನ ನನಗೆ ಅವರ ಮೇಲೆ ಗೌರವ ಇನ್ನೂ ಹೆಚ್ಚಾಯಿತು.

ಒಮ್ಮೆ ಮಾತಿನ ನಡುವೆ ನಾನೇ ಕೇಳಿದೆ: ಈ ಕ್ರಿಯಾಯೋಜನೆಯ ಒಂದು ಪ್ರತಿ ಇಲ್ಲಿ ಇಟ್ಟರೆ ತಪ್ಪಾ? ಅವರು ಯೋಚಿಸಿ, ತಪ್ಪೇನಿಲ್ಲ, ಸದಸ್ಯರಾಗಿ ನಿಮಗೆ ಕೊಟ್ಟ ಪ್ರತಿಯ ಜೆರಾಕ್ಸ್ ಕೊಡಿ ಅಂದರು. ಕ್ರಿಯಾಯೋಜನೆ, ಆಯವ್ಯಯ, ಹಿಂದಿನ ಜಮಾಬಂದಿಯ (ಪಂಚಾಯಿತಿಯ ವರ್ಷದ ಲೆಕ್ಕ, ಕಾಮಗಾರಿಗಳ ಪರಿಶೀಲನೆಯ) ವರದಿ, ಗ್ರಾಮಸಭೆಯ ತೀರ್ಮಾನಗಳು ಎಲ್ಲವನ್ನೂ ಒಂದು ಫೈಲಿಗೆ ಸೇರಿಸಿ ಪೇಪರ್ ಓದುವ ಮೇಜಿನ ಮೇಲೆ ಇಟ್ಟರು. ಯಾರಿಗೂ ಡಂಗುರ ಸಾರಲಿಲ್ಲ. ಪೇಪರ್ ಓದಲು ಬಂದವರು ಅದನ್ನೂ ತಿರುವಿ ಹಾಕುತ್ತಿದ್ದರು.

ಕ್ರಿಯಾಯೋಜನೆಯಲ್ಲಿ ಒಂದೊಂದು ಕಾಮಗಾರಿಗೂ ಒಂದೊಂದು ಸಾಲು ಇರುತ್ತದೆ. ಇಂಥವರ ಮನೆಯಿಂದ ಇಂಥವರ ಮನೆವರೆಗೆ ಚರಂಡಿ, ಇಷ್ಟು ಅಂದಾಜು ಮೊತ್ತ, ಇಂಥ ಅನುದಾನ. ತಾಲೂಕು ಕಚೇರಿಯಲ್ಲಿ ಕೂತು ನೋಡುವವರಿಗೆ ಅದು ನೂರು ಸಾಲುಗಳಲ್ಲಿ ಒಂದು. ಊರವರು ಆ ಚರಂಡಿಯನ್ನು ದಿನಾ ದಾಟಿ ಓಡಾಡುವವರು. ಒಂದು ಸಂಜೆ ಹಿರಿಯರೊಬ್ಬರು ಹಾಳೆಯ ಮೇಲೆ ಬೆರಳಿಟ್ಟು ಓದುತ್ತಾ ಓದುತ್ತಾ ಅಲ್ಲೇ ನಿಂತರು. 'ಇದು ನಮ್ಮ ಬೀದೀದು. ಚರಂಡಿ ನಮ್ಮನೆ ಹತ್ರಾನೇ ನಿಂತೋಗಿದೆ, ಇಲ್ಲಿ ನೋಡಿದ್ರೆ ಆಚೆ ತುದೀವರೆಗೂ ಅಂತ ಐತಲ್ಲ' ಅಂದರು. ಪಕ್ಕದಲ್ಲಿದ್ದ ಹುಡುಗ ಎದ್ದು ಹೋಗಿ ನೋಡಿಕೊಂಡೂ ಬಂದ. ಮುಂದಿನ ಗ್ರಾಮಸಭೆಯಲ್ಲಿ ಆ ಹಿರಿಯರು ಎದ್ದು ನಿಂತು ಅದನ್ನೇ ಕೇಳಿದರು. ಜಗಳವಾಗಲಿಲ್ಲ. ಯಾರನ್ನೂ ಕಳ್ಳರು ಅನ್ನಲಿಲ್ಲ. ಹಾಳೆ ಅವರ ಕೈಯಲ್ಲಿತ್ತು, ಅದನ್ನು ಓದಿ ಹೇಳಿದರು, ಅಷ್ಟೇ. ಬಾಕಿ ಇದ್ದ ಚರಂಡಿ ಆಮೇಲೆ ಆಯಿತು.

ಅದಾದ ಮೇಲೆ ಆ ಫೈಲು ಮೇಜಿನಿಂದ ಮಾಯವಾಯಿತು. ಕಚೇರಿಯವರು ತೆಗೆದುಕೊಂಡು ಹೋದರು ಅಂತ ಗೊತ್ತಾಯಿತು. ಅದಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು. ಆ ಫೈಲನ್ನು ಯಾರು ಯಾರು ನೋಡಿದರು, ಹೆಸರು ಬರೆದು ಕೊಡಿ ಅಂತ ಮೇಲ್ವಿಚಾರಕರನ್ನು ಕೇಳಿದರು. ಅವರು ಕೊಡಲಿಲ್ಲ. 'ಯಾರು ಏನು ಓದಿದರು ಅಂತ ನಾನು ಬರೆದಿಟ್ಟುಕೊಂಡಿಲ್ಲ ಸರ್. ಬರೆದಿಟ್ಟಿದ್ದರೂ ಕೊಡಲು ಬರುವುದಿಲ್ಲ' ಅಂದರಂತೆ. ಮೇಲ್ವಿಚಾರಕರು ಗೌರವಧನದ ಮೇಲೆ ದುಡಿಯುವವರು. ನಮ್ಮಲ್ಲಿ ಅವರ ಹಾಜರಿ, ಬಿಲ್ಲು ಎಲ್ಲವೂ ಅದೇ ಕಚೇರಿಯ ಕೈಯಲ್ಲಿದ್ದವು. ಹಾಗಿದ್ದೂ ಈ ಮಾತು ಹೇಳಿದರು. ನನಗೆ ಕೆಲಸದ ಭಯ ಇರಲಿಲ್ಲ, ನಾನು ಸದಸ್ಯೆ. ಅವರಿಗೆ ಇತ್ತು.

ಕೆಲವೇ ದಿನದಲ್ಲಿ ಅವರನ್ನು ಕರ ವಸೂಲಿಗೆ ಹಾಕಿದರು. ಬಿಲ್ ಕಲೆಕ್ಟರ್ ಜೊತೆ ಮನೆಮನೆಗೆ ಹೋಗಬೇಕು. ಅದು ಮುಗಿಯಿತು ಅನ್ನುವಷ್ಟರಲ್ಲಿ ಯಾವುದೋ ಸಮೀಕ್ಷೆ. ಮಧ್ಯಾಹ್ನದ ಮೇಲೆ ಗ್ರಂಥಾಲಯಕ್ಕೆ ಬೀಗ. ಶಾಲೆ ಬಿಟ್ಟು ಬಂದ ಮಕ್ಕಳು ಜಗುಲಿಯ ಮೇಲೆ ಬ್ಯಾಗು ಇಟ್ಟುಕೊಂಡು ಕಾದು ವಾಪಸ್ ಹೋಗುತ್ತಿದ್ದರು. ಬಾಯಿಮಾತಿನ ಆದೇಶ, ಕಾಗದದಲ್ಲಿ ಏನೂ ಇಲ್ಲ. ಆದ್ದರಿಂದ ಮೇಲಿನವರಿಗೆ ದೂರು ಕೊಡಲು ಹೋದರೆ ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ.

ಮಾನ್ಯರೇ, ನಾವು ಮಾಡಿದ್ದು ಕಾನೂನಿಗೆ ವಿರುದ್ಧವಾ ಅಂತ ಆಮೇಲೆ ಹುಡುಕಿ ನೋಡಿದೆ. ನೋಡಿದರೆ ಕಾನೂನು ನಮಗಿಂತ ಮುಂದೆ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 4ರ ಪ್ರಕಾರ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ಯಾರೂ ಅರ್ಜಿ ಹಾಕದೆಯೇ ಕೆಲವು ಮಾಹಿತಿಯನ್ನು ತಾನಾಗಿ ಪ್ರಕಟಿಸಬೇಕು. ತನಗೆ ಹಂಚಿಕೆಯಾದ ಹಣ, ಯೋಜನೆಗಳು, ಮಾಡಿದ ಖರ್ಚು. ಸಬ್ಸಿಡಿ ಕಾರ್ಯಕ್ರಮಗಳು ಹೇಗೆ ನಡೆಯುತ್ತವೆ, ಫಲಾನುಭವಿಗಳು ಯಾರು. ಅದೇ ಪಟ್ಟಿಯಲ್ಲಿ ಇನ್ನೊಂದು ಅಂಶವಿದೆ. ನಾಗರಿಕರು ಮಾಹಿತಿ ಪಡೆಯಲು ಏನೇನು ಸೌಲಭ್ಯ ಇದೆ ಅಂತ ತಿಳಿಸಬೇಕು, ಸಾರ್ವಜನಿಕರಿಗಾಗಿ ಗ್ರಂಥಾಲಯ ಅಥವಾ ವಾಚನಾಲಯ ಇದ್ದರೆ ಅದು ತೆರೆದಿರುವ ಸಮಯವನ್ನೂ ತಿಳಿಸಬೇಕು ಎಂದು ಅಲ್ಲಿದೆ. ಅಂದರೆ ಸಂಸತ್ತು ಈ ಕಾನೂನು ಮಾಡುವಾಗಲೇ ಓದುವ ಕೋಣೆಯನ್ನು ನೆನೆಸಿಕೊಂಡಿತ್ತು. ಸ್ಥಳೀಯ ಭಾಷೆಯಲ್ಲಿ, ಆ ಜಾಗದಲ್ಲಿ ಜನರಿಗೆ ಚೆನ್ನಾಗಿ ತಲುಪುವ ರೀತಿಯಲ್ಲಿ ಮಾಹಿತಿ ಕೊಡಬೇಕು ಅಂತಲೂ ಅದೇ ಕಲಂ ಹೇಳುತ್ತದೆ. ಹಳ್ಳಿಯಲ್ಲಿ ಚೆನ್ನಾಗಿ ತಲುಪುವ ಜಾಗ ಪಂಚಾಯಿತಿ ಕಚೇರಿಯ ಒಳಗಿನ ಬೀರು ಅಂತೂ ಅಲ್ಲ, ಅಲ್ವಾ?

ಈ ಪ್ರಶ್ನೆ ಎತ್ತಿದಾಗಲೆಲ್ಲ ಅಧಿಕಾರಿಗಳು ಹೇಳುವ ಮಾತು ಒಂದೇ: 'ಎಲ್ಲಾ ಆನ್‌ಲೈನ್‌ನಲ್ಲಿದೆ ಮೇಡಂ, ಪಂಚತಂತ್ರದಲ್ಲಿ ನೋಡಿಕೊಳ್ಳಿ.' ಪಂಚತಂತ್ರ ಅಂದರೆ ಪಂಚಾಯಿತಿಗಳ ಲೆಕ್ಕ, ದಾಖಲೆ ಇರುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ. ಇದೆ, ಒಪ್ಪುತ್ತೇನೆ. ಎಷ್ಟೋ ಮಾಹಿತಿ ಇದೆ, ಅದೂ ದೊಡ್ಡ ಕೆಲಸವೇ. ಆದರೆ ಮೊಬೈಲಿನಲ್ಲಿ ಪಿಡಿಎಫ್ ತೆರೆದು ಅಷ್ಟಗಲದ ಕೋಷ್ಟಕವನ್ನು ಎಳೆದಾಡಿ ಓದಲು ನನ್ನ ಕಣ್ಣಿಗೇ ಕಷ್ಟ. ಅರವತ್ತು ದಾಟಿದವರಿಗೆ ಹೇಗೆ? ಮೊಬೈಲ್ ಮನೆಯ ಗಂಡಸಿನ ಜೇಬಿನಲ್ಲೇ ಇರುವ ಹೆಣ್ಣುಮಕ್ಕಳಿಗೆ ಹೇಗೆ? ಮೊಬೈಲಿನಲ್ಲಿ ಒಬ್ಬರು ಒಂಟಿಯಾಗಿ ನೋಡುತ್ತಾರೆ. ಮೇಜಿನ ಮೇಲೆ ಹಾಳೆ ಹರಡಿದರೆ ನಾಲ್ಕು ಜನ ಬಗ್ಗಿ ನೋಡುತ್ತಾರೆ, ಒಬ್ಬರಿಗೆ ಕಾಣದ್ದು ಇನ್ನೊಬ್ಬರಿಗೆ ಕಾಣುತ್ತದೆ. ಓದು ಬಾರದವರಿಗೆ ಓದು ಬಂದವರು ಗಟ್ಟಿಯಾಗಿ ಓದಿ ಹೇಳುತ್ತಾರೆ. ಅದಕ್ಕೆ ಕೋಣೆ ಬೇಕು, ಬೆಂಚು ಬೇಕು, ಕೇಳಿದಾಗ ಹುಡುಕಿ ಕೊಡಲು ಒಬ್ಬ ಮನುಷ್ಯ ಬೇಕು.

ಇನ್ನೊಂದು ಆಕ್ಷೇಪವೂ ಇದೆ. ಗ್ರಂಥಾಲಯದಲ್ಲಿ ಇಂಥ ಕಾಗದ ಇಟ್ಟರೆ ಅದು ರಾಜಕೀಯದ ಅಡ್ಡೆಯಾಗುತ್ತದೆ, ಮಕ್ಕಳು ಓದುವ ಜಾಗ ಕೆಡುತ್ತದೆ ಎಂದು. ಈ ಮಾತನ್ನು ಹೇಳುವವರಲ್ಲಿ ಒಳ್ಳೆಯ ಮನಸ್ಸಿನವರೂ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟು. ರಾಜಕೀಯ ಅರಳಿಕಟ್ಟೆಯ ಮೇಲೆ ದಿನಾ ನಡೆಯುತ್ತಿದೆ, ವಾಟ್ಸಾಪ್‌ನಲ್ಲಿ ರಾತ್ರಿಯಿಡೀ ನಡೆಯುತ್ತಿದೆ. ಮನೆ ಹಂಚಿಕೆಯ ಪಟ್ಟಿ ಬಂದ ವಾರ ನಮ್ಮೂರಿನಲ್ಲಿ ಹಬ್ಬಿದ ಸುಳ್ಳುಗಳನ್ನು ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ. ಒಂದು ಜಾತಿಯವರ ಹೆಸರೆಲ್ಲ ತೆಗೆದುಹಾಕಿದ್ದಾರಂತೆ ಅಂತ ಯಾರೋ ಕಳಿಸಿದರು. ಎರಡು ಬೀದಿಯವರು ಮಾತು ಬಿಟ್ಟರು. ನಿಜವಾದ ಪಟ್ಟಿ ಕಣ್ಣಿಗೆ ಕಾಣುವ ಜಾಗದಲ್ಲಿ ಇದ್ದಿದ್ದರೆ ಐದು ನಿಮಿಷದಲ್ಲಿ ಅದು ಸುಳ್ಳು ಅಂತ ಗೊತ್ತಾಗುತ್ತಿತ್ತು. ಪಟ್ಟಿ ಕಚೇರಿಯಲ್ಲಿತ್ತು, ಬಾಗಿಲು ಸಂಜೆ ಮುಚ್ಚಿತ್ತು, ಮರುದಿನ ಭಾನುವಾರ.

ಮತದಾರರ ಪಟ್ಟಿಯ ಕಥೆಯೂ ಹೀಗೇ. ಪರಿಷ್ಕರಣೆಯ ಸಮಯದಲ್ಲಿ ಕರಡು ಪಟ್ಟಿ ಪ್ರಕಟವಾಗುತ್ತದೆ, ಆಕ್ಷೇಪಣೆಗೆ ಒಂದು ಗಡುವು ಇರುತ್ತದೆ. ಹೆಸರು ಸೇರಿಸಲು ನಮೂನೆ 6, ಇರುವ ಹೆಸರಿಗೆ ಆಕ್ಷೇಪಣೆ ಇದ್ದರೆ ನಮೂನೆ 7, ತಿದ್ದುಪಡಿಗೆ ನಮೂನೆ 8. ಇದು ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತು? ಮತದಾನದ ದಿನ ಬೂತಿಗೆ ಹೋಗಿ ಹೆಸರಿಲ್ಲ ಅಂತ ಅಳುಮುಖ ಮಾಡಿಕೊಂಡು ಬಂದ ಅಜ್ಜಿಯರನ್ನು ನಾನು ನೋಡಿದ್ದೇನೆ. ಆ ಹೊತ್ತಿಗೆ ಯಾರೂ ಏನೂ ಮಾಡಲು ಬರುವುದಿಲ್ಲ. ಗಡುವಿಗೆ ಮೊದಲು ಕರಡು ಪಟ್ಟಿ ಗ್ರಂಥಾಲಯದಲ್ಲಿ ಇದ್ದು, ಪಕ್ಕದಲ್ಲಿ ಆ ಮೂರು ನಮೂನೆಗಳಿದ್ದರೆ, ಪೇಪರ್ ಓದಲು ಬರುವ ಮೊಮ್ಮಗ ಅಜ್ಜಿಯ ಹೆಸರನ್ನೂ ನೋಡಿಕೊಂಡು ಹೋಗುತ್ತಾನೆ.

2024ರ ಸೆಪ್ಟೆಂಬರ್ 15ರಂದು ಅಂತರರಾಷ್ಟ್ರೀಯ ಪ್ರಜಾಪ್ರಭುತ್ವ ದಿನಕ್ಕೆ ಸರ್ಕಾರ ಬೀದರ್‌ನಿಂದ ಚಾಮರಾಜನಗರದವರೆಗೆ ಮಾನವ ಸರಪಳಿ ಮಾಡಿಸಿತು. ನಾವೂ ಹೋಗಿ ಕೈ ಕೈ ಹಿಡಿದು ನಿಂತಿದ್ದೆವು. ಸಂವಿಧಾನದ ಪೀಠಿಕೆ ಓದಿದೆವು. ಮೈ ಜುಮ್ಮೆಂದಿತ್ತು, ಸುಳ್ಳು ಹೇಳುವುದಿಲ್ಲ. ಆ ಪೀಠಿಕೆಯಲ್ಲಿ ವಿಚಾರ, ಅಭಿವ್ಯಕ್ತಿಯ ಸ್ವಾತಂತ್ರ್ಯದ ಮಾತಿದೆ. ವರ್ಷದ ಉಳಿದ ದಿನಗಳಲ್ಲಿ ಆ ಸ್ವಾತಂತ್ರ್ಯವನ್ನು ಹಳ್ಳಿಯವರು ಎಲ್ಲಿ ಕೂತು ಬಳಸಬೇಕು? ಅದಕ್ಕೆ ಸರ್ಕಾರ ಆಗಲೇ ಕಟ್ಟಿಸಿರುವ ಜಾಗ ಇದೆ. ಅಲ್ಲಿ ದುಡಿಯುವವರೂ ಇದ್ದಾರೆ. ಅವರನ್ನು ನಂಬಬೇಕು, ಕಾಪಾಡಬೇಕು.

ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಹುಟ್ಟುಹಬ್ಬವನ್ನು ಆಗಸ್ಟ್ 12ರಂದು ಗ್ರಂಥಪಾಲಕರ ದಿನ ಅಂತ ಎಲ್ಲ ಗ್ರಂಥಾಲಯಗಳಲ್ಲೂ ಆಚರಿಸುತ್ತೇವೆ. ಅವರ ಫೋಟೊ ನಮ್ಮ ಗ್ರಂಥಾಲಯದ ಗೋಡೆಯ ಮೇಲೂ ಇದೆ. ತಮಿಳುನಾಡಿನಲ್ಲಿ ಹುಟ್ಟಿದರೂ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದವರು, 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಶುರು ಮಾಡಿದವರು. ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಸುವುದಕ್ಕೆ ಅನ್ನುವುದು. ಪಂಚಾಯಿತಿಯ ದಾಖಲೆಗೂ ಇದೇ ಮಾತು ಅನ್ವಯಿಸುತ್ತದೆ ಅಂತ ನನ್ನ ನಂಬಿಕೆ. ಹಾರ ಹಾಕಿ ಕೈ ಮುಗಿಯುವುದರ ಜೊತೆಗೆ ಆ ಸೂತ್ರವನ್ನೂ ನಡೆಸೋಣ.

ಪತ್ರಿಕೆಗಳ ಬಗ್ಗೆಯೂ ಒಂದು ಮಾತು. ಸ್ಥಳೀಯ ಮುಖಂಡರೊಬ್ಬರ ಬಗ್ಗೆ ಟೀಕೆ ಬಂದ ದಿನದ ಪತ್ರಿಕೆಯನ್ನು ಬೆಳಿಗ್ಗೆಯೇ ಯಾರೋ ಬಂದು ಎತ್ತಿಕೊಂಡು ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಮೇಲೆ 'ಖರ್ಚು ಕಡಿಮೆ ಮಾಡಬೇಕು' ಅಂತ ಆ ಪತ್ರಿಕೆಯನ್ನೇ ನಿಲ್ಲಿಸಿದರು. ಯಾವ ಪತ್ರಿಕೆ ಒಳ್ಳೆಯದು, ಯಾವುದು ಕೆಟ್ಟದ್ದು ಅನ್ನುವ ಚರ್ಚೆ ನನಗೆ ಬೇಡ. ಅದನ್ನು ಓದುಗರು ತೀರ್ಮಾನಿಸುತ್ತಾರೆ. ಒಂದೇ ಸುದ್ದಿಯನ್ನು ಎರಡು ಪತ್ರಿಕೆ ಬೇರೆ ಬೇರೆ ಥರ ಬರೆದದ್ದನ್ನು ಪಕ್ಕಪಕ್ಕ ಇಟ್ಟು ಓದಿದವರು ಮೋಸ ಹೋಗುವುದು ಕಡಿಮೆ. ಆ ಅವಕಾಶ ಹಳ್ಳಿಯಲ್ಲಿ ಇರುವುದು ಗ್ರಂಥಾಲಯದಲ್ಲಿ ಮಾತ್ರ. ಮನೆಗೆ ಎರಡು ಪತ್ರಿಕೆ ತರಿಸುವ ಶಕ್ತಿ ನಮ್ಮಲ್ಲಿ ಯಾರಿಗಿದೆ?

ಇನ್ನು ದುಡ್ಡಿನ ವಿಷಯ. ಪಂಚಾಯಿತಿಗೆ ಮನೆ ಕಂದಾಯ ಕಟ್ಟಿದ ರಸೀದಿ ನೋಡಿದರೆ ಆರೋಗ್ಯ, ಶಿಕ್ಷಣದ ಕರದ ಜೊತೆ ಗ್ರಂಥಾಲಯ ಕರ ಅಂತ ಇರುತ್ತದೆ. ಶೇಕಡ 6. ಸಾವಿರ ರೂಪಾಯಿ ಕಂದಾಯಕ್ಕೆ 60 ರೂಪಾಯಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಇದು. ದೊಡ್ಡ ನಗರಗಳಲ್ಲಿ ಈ ಕರ ವಸೂಲಾಗಿಯೂ ಗ್ರಂಥಾಲಯಕ್ಕೆ ಪೂರ್ತಿ ತಲುಪದೆ ಬಾಕಿ ಉಳಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ನಮ್ಮೂರಿನಲ್ಲಿ ಈ ಕರ ಎಷ್ಟು ಬಂತು, ಎಷ್ಟು ಗ್ರಂಥಾಲಯಕ್ಕೆ ಖರ್ಚಾಯಿತು ಅಂತ ಸಭೆಯಲ್ಲಿ ಕೇಳಿದೆ. ಲೆಕ್ಕ ತೆಗೆದು ಹೇಳುತ್ತೇವೆ ಅಂದರು. ನನ್ನ ಅವಧಿ ಮುಗಿಯಿತು, ಲೆಕ್ಕ ಬರಲಿಲ್ಲ. ಕೂಲಿ ಮಾಡುವವರೂ ಕಟ್ಟಿದ ದುಡ್ಡು ಇದು. ಖರ್ಚಿಗೆ ದುಡ್ಡಿಲ್ಲ ಅಂತ ಒಂದು ಪತ್ರಿಕೆ ನಿಲ್ಲಿಸುವ ಮೊದಲು ಈ ಲೆಕ್ಕ ಹೊರಗೆ ಬರಬೇಕಿತ್ತು.

ಪಕ್ಕದ ಕೇರಳವನ್ನು ನೋಡಿ. ಪಿ.ಎನ್. ಪಣಿಕ್ಕರ್ 1945ರಲ್ಲಿ ಊರೂರಿನ ಸಣ್ಣ ಗ್ರಂಥಾಲಯಗಳನ್ನು ಒಂದು ಸಂಘದಡಿ ಸೇರಿಸಿದರು. ಅಲ್ಲಿ ಇವತ್ತಿಗೂ ಹಳ್ಳಿಯ ಗ್ರಂಥಾಲಯವನ್ನು ನಡೆಸುವುದು ಅದರ ಸದಸ್ಯರು ಆರಿಸಿದ ಸಮಿತಿ. ಸರ್ಕಾರ ಅನುದಾನ ಕೊಡುತ್ತದೆ, ಆದರೆ ಯಾವ ಪುಸ್ತಕ, ಯಾವ ಪತ್ರಿಕೆ ಬೇಕು ಅಂತ ಓದುವವರೇ ಕೂತು ಮಾತಾಡುತ್ತಾರೆ. ನಮ್ಮದು ಬೇರೆ ದಾರಿ. ಇಲ್ಲಿ ಸರ್ಕಾರವೇ ಕಟ್ಟಿ ನಡೆಸುತ್ತಿದೆ, ಅದರಿಂದ ಬಡ ಊರುಗಳಿಗೂ ಗ್ರಂಥಾಲಯ ಸಿಕ್ಕಿದೆ. ಅದನ್ನು ಬಿಡಬೇಕಾಗಿಲ್ಲ. ಓದುಗರ ಮಾತು ನಡೆಯುವ ಪದ್ಧತಿಯನ್ನು ಮಾತ್ರ ಅವರಿಂದ ಕಲಿಯಬಹುದು.

ಈಗ ನನ್ನ ಕೋರಿಕೆಗಳು.

ಎಲ್ಲಕ್ಕಿಂತ ಮೊದಲನೆಯದು, ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಪಂಚಾಯಿತಿಯ ದಾಖಲೆಗಳಿಗೆ ಒಂದು ಕಪಾಟು ಇರಬೇಕು ಎಂದು ಇಲಾಖೆಯಿಂದ ಸುತ್ತೋಲೆ ಹೊರಡಿಸಿ. ಕ್ರಿಯಾಯೋಜನೆ, ಆಯವ್ಯಯ, ಜಮಾಬಂದಿ ವರದಿ, ವಾರ್ಡ್ ಸಭೆ ಮತ್ತು ಗ್ರಾಮಸಭೆಯ ನಡಾವಳಿ, ಫಲಾನುಭವಿಗಳ ಪಟ್ಟಿ, ಗ್ರಂಥಾಲಯ ಕರದ ಲೆಕ್ಕ ಅಲ್ಲಿರಲಿ. ಚುನಾವಣೆಯ ಅಧಿಕಾರಿಗಳ ಜೊತೆ ಮಾತಾಡಿ ಕರಡು ಮತದಾರರ ಪಟ್ಟಿಯೂ ಅಲ್ಲಿ ಸಿಗುವಂತೆ ಮಾಡಿ. ಫಲಾನುಭವಿಗಳ ಆಧಾರ್, ಫೋನ್, ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ಅಳಿಸಿಯೇ ಪ್ರತಿ ಇಡಬೇಕು, ಅದರಲ್ಲಿ ಎರಡು ಮಾತಿಲ್ಲ. ಗ್ರಾಮಸಭೆಗೆ ಕನಿಷ್ಠ ಒಂದು ವಾರ ಮೊದಲು ಈ ಕಾಗದಗಳು ಮೇಜಿನ ಮೇಲೆ ಬರಬೇಕು. ಸಭೆಯ ದಿನ ಮೈಕಿನಲ್ಲಿ ಸರಸರನೆ ಓದಿ ಮುಗಿಸಿ 'ಒಪ್ಪಿಗೆ ಇದೆಯಾ' ಅಂತ ಕೇಳಿದರೆ ಯಾರಿಗೆ ಏನು ಅರ್ಥವಾಗುತ್ತದೆ?

ಮೇಲ್ವಿಚಾರಕರನ್ನು ಗ್ರಂಥಾಲಯ ತೆರೆದಿರಬೇಕಾದ ಹೊತ್ತಿನಲ್ಲಿ ಬೇರೆ ಕೆಲಸಕ್ಕೆ ಕಳಿಸಬಾರದು. ತುರ್ತಾಗಿ ಕಳಿಸಲೇಬೇಕಾದರೆ ಲಿಖಿತ ಆದೇಶ ಬೇಕು, ಅದರ ಪ್ರತಿಯನ್ನು ಗ್ರಂಥಾಲಯದ ಬಾಗಿಲಿಗೆ ಅಂಟಿಸಬೇಕು. ಅವರ ಮೇಲೆ ದೂರು ಬಂದರೆ ವಿಚಾರಣೆ ಅದೇ ಪಂಚಾಯಿತಿಯಲ್ಲಿ ಆಗಬಾರದು, ಜಿಲ್ಲಾ ಮಟ್ಟದಲ್ಲಿ ಆಗಬೇಕು, ಅದರಲ್ಲಿ ಗ್ರಂಥಾಲಯ ವೃತ್ತಿಯವರೊಬ್ಬರು ಇರಬೇಕು. ಯಾರು ಯಾವ ಪುಸ್ತಕ ಅಥವಾ ದಾಖಲೆ ಓದಿದರು ಎಂಬ ವಿವರವನ್ನು ಯಾವ ಸದಸ್ಯರೂ, ಅಧ್ಯಕ್ಷರೂ, ಅಧಿಕಾರಿಯೂ ಕೇಳುವಂತಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ನಮ್ಮ ಮೇಲ್ವಿಚಾರಕರು ಅದನ್ನು ತಮ್ಮ ಸ್ವಂತ ಧೈರ್ಯದಿಂದ ಹೇಳಿದರು. ಎಲ್ಲರಿಗೂ ಅಂಥ ಧೈರ್ಯ ಇರಬೇಕು ಅಂತ ನಿರೀಕ್ಷೆ ಮಾಡುವುದು ನ್ಯಾಯವಲ್ಲ. ಮನೆಯಲ್ಲಿ ಅವರಿಗೂ ಮಕ್ಕಳಿರುತ್ತಾರೆ.

ಪತ್ರಿಕೆ, ಪುಸ್ತಕಗಳನ್ನು ಆರಿಸಲು ಪ್ರತಿ ಗ್ರಂಥಾಲಯದಲ್ಲೂ ಓದುಗರ ಒಂದು ಸಮಿತಿ ಇರಲಿ, ಅದರಲ್ಲಿ ಅರ್ಧ ಜನ ಹೆಣ್ಣುಮಕ್ಕಳಿರಲಿ. ಮಕ್ಕಳ ಗ್ರಾಮಸಭೆಯಲ್ಲಿ ಮಾತಾಡಿದ ಮಕ್ಕಳಲ್ಲಿ ಇಬ್ಬರನ್ನಾದರೂ ಸೇರಿಸಿ. ಗ್ರಂಥಾಲಯದ ಸಮಯವನ್ನೂ ಈ ಸಮಿತಿಯೇ ಗೊತ್ತು ಮಾಡಲಿ. ಕೂಲಿಗೆ ಹೋಗುವವರು ಊರಿಗೆ ಬರುವುದು ಸಂಜೆ. ಗ್ರಂಥಾಲಯ ಕಚೇರಿಯ ಸಮಯಕ್ಕೇ ಮುಚ್ಚಿದರೆ ಅವರ ಪಾಲಿಗೆ ಅದು ಇಲ್ಲದ ಹಾಗೆಯೇ. ಹೆಣ್ಣುಮಕ್ಕಳಿಗೆ ಮಧ್ಯಾಹ್ನದ ಹೊತ್ತು ಅನುಕೂಲ, ಆದರೆ ಇರುವ ಒಂದೇ ಬೆಂಚಿನಲ್ಲಿ ಗಂಡಸರು ತುಂಬಿರುತ್ತಾರೆ ಅಂತ ಬರುವುದಿಲ್ಲ. ಇನ್ನೆರಡು ಬೆಂಚು ಹಾಕಿಸುವುದು ದೊಡ್ಡ ಖರ್ಚಲ್ಲ.

ಮೇಲ್ವಿಚಾರಕರ ತರಬೇತಿಯಲ್ಲಿ ಮಾಹಿತಿ ಹಕ್ಕು, ಗ್ರಾಮಸಭೆಯ ನಿಯಮ, ಮತದಾರರ ಪಟ್ಟಿಯ ನಮೂನೆಗಳನ್ನು ಸೇರಿಸಿ. ನಮ್ಮ ರಾಜ್ಯದ ನಿಯಮದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಇದು ಗೊತ್ತಿಲ್ಲದೆ ನಾಲ್ಕು ಪುಟ ಸಂಕಟ ತೋಡಿಕೊಂಡು ಅರ್ಜಿ ಬರೆದು ತಿರಸ್ಕೃತವಾದವರು ಎಷ್ಟೋ ಜನ. ಅಂಥವರಿಗೆ ಹೀಗೆ ಬರೆಯಿರಿ ಅಂತ ತೋರಿಸುವುದು ಗ್ರಂಥಾಲಯದ ಕೆಲಸವೇ. ಜಾಸ್ತಿ ಕೆಲಸ ಕೇಳುವಾಗ ಗೌರವಧನದ ಮಾತೂ ಬರಬೇಕು. ಅವರ ಸಂಘದವರು ವರ್ಷಗಳಿಂದ ಇಡುತ್ತಿರುವ ಬೇಡಿಕೆಗಳನ್ನು ಕರೆದು ಕೂರಿಸಿ ಕೇಳಿ.

ಇದಕ್ಕೆಲ್ಲ ಹೊಸ ಕಾಯ್ದೆ ಬೇಡ, ಹೊಸ ಕಟ್ಟಡ ಬೇಡ. ಹೆಚ್ಚಿನವು ಒಂದು ಸುತ್ತೋಲೆಯಲ್ಲಿ ಮುಗಿಯುವ ವಿಷಯಗಳು. ಮುಂದಿನ ಸುತ್ತಿನ ಗ್ರಾಮಸಭೆಗಳು ಶುರುವಾಗುವ ಮೊದಲು ಆ ಸುತ್ತೋಲೆ ಬಂದರೆ ಅದರ ಪ್ರತಿಯನ್ನು ನಮ್ಮ ಗ್ರಂಥಾಲಯದ ಫಲಕಕ್ಕೆ ನಾನೇ ಹೋಗಿ ಅಂಟಿಸುತ್ತೇನೆ. ಬರದಿದ್ದರೆ, ಈ ಪತ್ರದ ಮೇಲೆ ಏನು ಕ್ರಮವಾಯಿತು ಅಂತ 10 ರೂಪಾಯಿ ಕಟ್ಟಿ, 150 ಪದದ ಒಳಗೆ, ನಿಮ್ಮ ಇಲಾಖೆಗೆ ಅರ್ಜಿ ಹಾಕುತ್ತೇನೆ.

ಗೌರವಗಳೊಂದಿಗೆ,

ಗ್ರಾಮ ಪಂಚಾಯಿತಿಯ ಒಬ್ಬ ಮಾಜಿ ಸದಸ್ಯೆ